ಕಲ್ಲುಗುಡ್ಡೆಯ ಮೊದಲ ಏರು

ಕಳಸದ ಪೇಟೆ ದಾಟಿ ಹೊಳೆಯ ಕಡೆಗೆ ಇಳಿಯುವ ತಿರುವಿನಲ್ಲಿ, ಒಂದು ಹಲಸಿನ ಮರದ ಕೆಳಗೆ, ತಗಡು ಹೊದಿಸಿದ ಗ್ಯಾರೇಜೊಂದಿದೆ. ಅದಕ್ಕೆ ಬೋರ್ಡಿಲ್ಲ. ಬೋರ್ಡು ಬರೆಸಿ ಎಂದು ಯಾರಾದರೂ ಹೇಳಿದರೆ ನಿಂಗಯ್ಯ ನಗುತ್ತಾನೆ: "ಜೀಪು ಕೆಟ್ಟವನಿಗೆ ದಾರಿ ಗೊತ್ತಿರ್ತದೆ. ಕೆಡದೇ ಇರೋನಿಗೆ ಬೋರ್ಡು ಎಂತಕ್ಕೆ?"

ಅರವತ್ತು ದಾಟಿದ ನಿಂಗಯ್ಯ ಹುಟ್ಟಿದ್ದು ಆಲ್ದೂರಿನ ಹತ್ತಿರದ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ. ತಂದೆ ತಾಯಿ ಇಬ್ಬರೂ ಕಾಫಿ ತೋಟದ ಕೆಲಸದವರು. ಚಿಕ್ಕಂದಿನಲ್ಲಿ ಅವನಿಗೆ ತೋಟಕ್ಕಿಂತ ಪಲ್ಪರ್ ಮನೆಯ ಮೇಲೆ ಮೋಹ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ತಿರುಗುವುದನ್ನು ನೋಡುತ್ತ ನಿಂತರೆ ಊಟದ ನೆನಪೂ ಇರುತ್ತಿರಲಿಲ್ಲ. ಅದನ್ನು ಕಂಡ ತಂದೆ ಅವನನ್ನು ಮೂಡಿಗೆರೆಯ ಒಬ್ಬ ಹಿರಿಯ ಮೇಸ್ತ್ರಿಯ ಗ್ಯಾರೇಜಿಗೆ ಸೇರಿಸಿದ. ಆ ಮೇಸ್ತ್ರಿ ಬೈಗುಳದಲ್ಲಿ ಧಾರಾಳಿ, ಹೊಗಳಿಕೆಯಲ್ಲಿ ಜಿಪುಣ. ಅವನಿಂದ ಕಲಿತದ್ದರಲ್ಲಿ ಎರಡು ಪದ್ಧತಿಗಳು ನಿಂಗಯ್ಯನ ಮೈಗೆ ಹತ್ತಿಬಿಟ್ಟವು.

ಮೊದಲನೆಯದು ಗುರುತು. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಒಯ್ಯುವ ಉದ್ದನೆಯ ದಂಡವಾದ ಶಾಫ್ಟು ಬಿಚ್ಚುವ ಮುಂಚೆ ಅದರ ತುದಿಗೂ ಅದು ಕೂರುವ ಜಾಗಕ್ಕೂ ಎದುರುಬದುರಾಗಿ ಗುರುತು ಹಾಕಬೇಕು. ಮತ್ತೆ ಜೋಡಿಸುವಾಗ ಗುರುತಿಗೆ ಗುರುತು ಕೂಡಬೇಕು. ಇಲ್ಲವಾದರೆ ಗಾಡಿ ನಡುಗುತ್ತದೆ. ಪ್ರತಿಯೊಬ್ಬ ಮೆಕ್ಯಾನಿಕ್ಕನಿಗೂ ಅವನದೇ ಗುರುತು. ನಿಂಗಯ್ಯನದು ಚಾಣದಿಂದ ಹೊಡೆದ ಎರಡು ಚುಕ್ಕಿ, ಒಂದು ಅಡ್ಡಗೀಟು. ಎರಡನೆಯದು ಮೊದಲ ಏರು. ಗಾಡಿಯ ಅಡಿಗೆ ಕೈಹಾಕಿದವನು ಅದರ ಮೊದಲ ಏರಿಗೆ ತಾನೂ ಕೂತು ಹೋಗಬೇಕು. ಯಾವ ಏರು ಎಂಬುದನ್ನು ಅವನೇ ಹೇಳಬೇಕು. "ನೀನು ಬಿಗಿ ಮಾಡಿದ ಬೋಲ್ಟು ಬಿಟ್ಟುಕೊಂಡರೆ ಮೊದಲು ನೀನೇ ಕಣಿವೆಗೆ ಬೀಳು, ಬೇರೆಯವರನ್ನು ಯಾಕೆ ಬೀಳಿಸ್ತೀಯ?" ಎನ್ನುತ್ತಿದ್ದನಂತೆ ಮೇಸ್ತ್ರಿ. ಈ ಕಡೆಯ ಗ್ಯಾರೇಜುಗಳಲ್ಲಿ ಈಗ ಈ ಪದ್ಧತಿ ಹೆಚ್ಚುಕಡಿಮೆ ಮರೆತುಹೋಗಿದೆ. ನಿಂಗಯ್ಯ ಮರೆತಿರಲಿಲ್ಲ.

ಕಳಸಕ್ಕೆ ಬಂದು ನೆಲೆಯಾದ ಮೇಲೆ ಅವನು ಅಲ್ಲಿಲ್ಲಿ ಬಿದ್ದಿದ್ದ ಭಾಗಗಳನ್ನೆಲ್ಲ ಕೂಡಿಸಿ ತನಗೊಂದು ಜೀಪು ಮಾಡಿಕೊಂಡ. ನೋಡಲು ಚಂದವಿಲ್ಲದ, ಹಸಿರೋ ಬೂದಿಯೋ ಹೇಳಲಾಗದ ಬಣ್ಣದ ಜೀಪು. ಆದರೆ ಏರು ಹತ್ತುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಕಲ್ಲುಗುಡ್ಡೆ ಎಂಬ ಲೈನಿಗೆ ಮಳೆಗಾಲದಲ್ಲಿ ಹೋಗುತ್ತಿದ್ದದ್ದು ಅದೊಂದೇ ವಾಹನ. ಕಲ್ಲುಗುಡ್ಡೆಯೆಂದರೆ ಎಸ್ಟೇಟುಗಳ ನೆತ್ತಿಯಲ್ಲಿ ಒಂದು ಹಿಡಿ ಮನೆಗಳು. ಅರ್ಧ ದಾರಿಯವರೆಗೆ ಕಾಂಕ್ರೀಟು, ಆಮೇಲೆ ಕೆಂಪು ಕೆಸರು. ಮೃಗಶಿರಾ ಮಳೆ ಹಿಡಿದರೆ ಆಂಬುಲೆನ್ಸು ಕಾಂಕ್ರೀಟಿನ ಕೊನೆಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮೇಲಿನವರು ನಿಂಗಯ್ಯನಿಗೇ ಫೋನು ಮಾಡಬೇಕು.

ಹಾಗೆ ಒಮ್ಮೆ ಫೋನು ಬಂದದ್ದು ತಂಗಮ್ಮನಿಂದ. ತಂಗಮ್ಮ ಆ ಲೈನಿನ ಹಿರಿಯಳು. ಅಲ್ಲಿ ಅವಳ ಮಾತೇ ಮಾತು. ಅವಳ ಸೊಸೆ ಕುಸುಮಾಳಿಗೆ ಹೆರಿಗೆ ನೋವು. ನಿಂಗಯ್ಯ ಜೀಪು ಹೊಡೆದುಕೊಂಡು ಹೋದ; ಜೊತೆಗೆ ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ದೇವೇಂದ್ರ. ಹಗಲೇ ಕತ್ತಲಾದ ಮಳೆ. ಇಳಿಯುವಾಗ ಎಸ್ಟೇಟಿನ ಪಲ್ಪರ್ ಮನೆಯ ಹತ್ತಿರ ಶಾಫ್ಟಿನ ಒಂದು ಬೋಲ್ಟು ತುಂಡಾಗಿ ಬಿತ್ತು. ಹಿಂದಿನ ಸೀಟಿನಲ್ಲಿ ಕುಸುಮಾ ತಂಗಮ್ಮನ ಮಡಿಲನ್ನು ಹಿಂಡುತ್ತಿದ್ದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಯ್ಯ ಓಡಿಬಂದು, ಸುಗ್ಗಿ ಮುಗಿದು ಸುಮ್ಮನೆ ನಿಂತಿದ್ದ ಪಲ್ಪರಿನಿಂದ ಒಂದು ಬೋಲ್ಟು ಬಿಚ್ಚಿಕೊಟ್ಟರು. ಅದು ತೂತಿಗಿಂತ ದಪ್ಪ. ನಿಂಗಯ್ಯ ಕೆಸರಿನಲ್ಲಿ ಅಂಗಾತ ಮಲಗಿ, ಶಾಫ್ಟಿನ ತುದಿಯಲ್ಲೂ ಅದು ಕೂರುವ ಉಕ್ಕಿನ ತಟ್ಟೆಯಲ್ಲೂ ದುಂಡು ಅರದಿಂದ ಉಜ್ಜಿ ಉಜ್ಜಿ ಆ ಒಂದು ತೂತನ್ನು ಅಗಲ ಮಾಡಿದ. ಮುಖಕ್ಕೆ ನೀರು ಬೀಳದಂತೆ ಪ್ಲಾಸ್ಟಿಕ್ ಹಾಳೆ ಹಿಡಿದು ನಿಂತವನು ದೇವೇಂದ್ರ. ತೂತು ಸರಿಯಾಗಿ ದುಂಡಗೆ ಬರಲಿಲ್ಲ. ಒಂದು ಪಕ್ಕಕ್ಕೆ ಹಲಸಿನ ಬೀಜದಂತೆ ಉಬ್ಬಿತು. ಆದರೂ ಬೋಲ್ಟು ಕೂತಿತು, ಜೀಪು ಇಳಿಯಿತು, ಕಳಸದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಆ ಬೋಲ್ಟನ್ನು ನಿಂಗಯ್ಯ ಮತ್ತೆಂದೂ ಬದಲಾಯಿಸಲಿಲ್ಲ. ಪಲ್ಪರಿಗೆ ಬೇರೆ ಬೋಲ್ಟು ತಂದುಕೊಟ್ಟ.

ವರ್ಷಗಳು ಕಳೆದಂತೆ ನಿಂಗಯ್ಯನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿಗೆ ಆಪರೇಷನ್ನು ಆಯಿತು, ಅದೂ ಅಷ್ಟಕ್ಕಷ್ಟೇ. ಮಂಜಿನಲ್ಲಿ ಗಾಡಿ ಓಡಿಸಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಆಗ ಅವನು ಜೀಪನ್ನು ದೇವೇಂದ್ರನಿಗೆ ಕೊಟ್ಟ. ಮಾರಲಿಲ್ಲ, ಕೊಟ್ಟ. ದೇವೇಂದ್ರ ಅವನ ಮನೆಯ ಅನ್ನ ಉಂಡು ಬೆಳೆದವನು, ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು. ಕೊಡುವುದಕ್ಕಾಗಿಯೇ ನಿಂಗಯ್ಯ ಅವನನ್ನು ಕಲ್ಲುಗುಡ್ಡೆಗೆ ಕರೆದುಕೊಂಡು ಹೋಗಿದ್ದ. ತಂಗಮ್ಮನ ಅಂಗಳದಲ್ಲಿ, ಎಲ್ಲರ ಎದುರಿಗೆ ಕೀ ಕೊಟ್ಟು ಎರಡೇ ಮಾತು ಹೇಳಿದ: ಇವರು ಕರೆದರೆ ಬರಬೇಕು, ಜೀಪನ್ನು ಬಿಡಿಭಾಗಕ್ಕಾಗಿ ಒಡೆಯಬಾರದು. ದೇವೇಂದ್ರ ಕೀಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಿದ್ದ. "ನೀವು ಕೊಟ್ಟ ಮಾತು ಇನ್ನು ನನ್ನ ಮಾತು ಅಣ್ಣ" ಎಂದಿದ್ದ.

ಈ ವರ್ಷ ಮೇ ತಿಂಗಳ ಕೊನೆಯಲ್ಲಿ ತಂಗಮ್ಮ ಪೇಟೆಗೆ ಬಂದವಳು ಗ್ಯಾರೇಜಿಗೂ ಬಂದಳು. ಮಗಳು ಅರ್ಚನಾ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಆಷಾಢದಲ್ಲಿ ದಿನ ತುಂಬುತ್ತದೆ ಎಂದಳು.

"ಜೀಪು ಸರಿ ಇದೆಯಲ್ಲ ನಿಂಗಯ್ಯ? ಬೇಸಿಗೇಲಿ ಒಂದು ಸಲಾನೂ ಈ ಕಡೆ ಕಾಣ್ಲಿಲ್ಲ."

"ದೇವೇಂದ್ರ ಮೂಡಿಗೆರೇಲಿ ಟಿಂಕರಿಂಗ್‌ಗೆ ಬಿಟ್ಟಿದ್ದಾನಂತೆ ತಂಗಮ್ಮಕ್ಕ. ಮಳೆ ಹಿಡಿಯೋ ಮೊದಲು ಬರ್ತದೆ. ನಾನು ಹೇಳ್ತಿದ್ದೀನಲ್ಲ."

"ನೀನು ಹೇಳಿದ್ಮೇಲೆ ಆಯ್ತು ಬಿಡು" ಎಂದು ಅವಳು ಬಸ್ಸಿಗೆ ಹೋದಳು.

ಅದೇ ವಾರ ದೇವೇಂದ್ರ ತನ್ನ ಪಿಕಪ್ಪನ್ನು ತಂದು ನಿಲ್ಲಿಸಿದ. ಅವನೀಗ ದೇವರಮನೆ ಗುಡ್ಡದ ಕಡೆ ಪ್ರವಾಸಿಗಳನ್ನು ಕರೆದೊಯ್ಯುವ ಕೆಲಸ ಹಿಡಿದಿದ್ದ. ಆ ಗಾಡಿಯ ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ಒಡೆದುಹೋಗಿತ್ತು. ಬದಲಿಗೆ ಇನ್ನೊಂದನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಅದಕ್ಕೆ ಹೊಳೆಹೊಳೆಯುವ ಬೆಳ್ಳಿ ಬಣ್ಣ ಬಳಿದಿತ್ತು.

"ಎಲ್ಲಿಂದ ತಂದೆ ಮಾರಾಯ, ಮದುಮಗಳ ಹಾಗಿದೆ?"

"ಶಿವಮೊಗ್ಗದ ಗುಜರಿಯಿಂದ ಅಣ್ಣ. ನೀವಲ್ದೆ ಇದನ್ನ ಕೂರ್ಸೋರು ಈ ಘಟ್ಟದಲ್ಲೇ ಯಾರೂ ಇಲ್ಲ."

"ಹೊಗಳಿದ್ರೆ ನನ್ನ ಬೆನ್ನುನೋವು ಹೋಗ್ತದಾ? ಹಿಡಿ ಆ ಕಡೆ."

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಗೇರ್ ಬಾಕ್ಸಿನ ಹಿಂದಕ್ಕೆ ಕೂರಿಸಿದರು. ಅದು ಹಳೆಯದಕ್ಕಿಂತ ಸ್ವಲ್ಪ ಹಿಂದಕ್ಕೆ ಚಾಚಿಕೊಂಡಿತು. ಹಾಗಾಗಿ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟು ಈಗ ಉದ್ದವಾಯಿತು. ಕತ್ತರಿಸಿ ಗಿಡ್ಡ ಮಾಡಿಸಬೇಕು. ಅಳತೆಗೆ ನಿಂಗಯ್ಯ ಗಾಡಿಯನ್ನು ಜಾಕಿಯಿಂದ ಇಳಿಸು ಎಂದ. ದೇವೇಂದ್ರನಿಗೆ ಅವಸರ.

"ಮೇಲಿದ್ದಾಗ್ಲೇ ಅಳೆದ್ಬಿಡಿ ಅಣ್ಣ. ಮತ್ತೆ ಇಳಿಸೋದು, ಏರ್ಸೋದು ಎಂತಕ್ಕೆ?"

"ಚಕ್ರ ನೇತಾಡ್ತಾ ಇದ್ರೆ ಅಳತೆ ಉದ್ದ ತೋರಿಸ್ತದೆ. ನೆಲದ ಮೇಲೆ ಭಾರ ಹೊತ್ತು ನಿಂತಾಗ ಬರೋದೇ ನಿಜವಾದ ಅಳತೆ. ಇಷ್ಟು ವರ್ಷ ನನ್ನ ಹತ್ರ ಎಂತ ಕಲ್ತೆ?"

"ಬೈಗುಳ ತಿನ್ನೋದು" ಎಂದು ದೇವೇಂದ್ರ ನಕ್ಕ. ನಿಂಗಯ್ಯನೂ ನಕ್ಕ. ಅವರಿಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ.

ಲೇತಿನಲ್ಲಿ ಕತ್ತರಿಸಿ ವೆಲ್ಡ್ ಮಾಡಿಸಿದ ಶಾಫ್ಟು ಮೂಡಿಗೆರೆಯಿಂದ ಬಂತು. ನಿಂಗಯ್ಯ ಅದನ್ನು ನೆಲದ ಮೇಲೆ ಉರುಳಿಸಿ, ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿವೆಯೇ ಎಂದು ಬಗ್ಗಿ ನೋಡಿದ. ಸರಿಯಾಗಿದ್ದವು. ಹಿಂದಿನ ತುದಿಯನ್ನು ಜೋಡಿಸಿ, ಮುಂದಿನ ತುದಿಯನ್ನು ಹೊಸ ಪೆಟ್ಟಿಗೆಗೆ ಕೂಡಿಸಲು ಗಾಡಿಯ ಅಡಿಗೆ ತೆವಳಿದ. ಶಾಫ್ಟು ಬಂದು ಕೂರುವ ದುಂಡನೆಯ ಉಕ್ಕಿನ ತಟ್ಟೆಯ ಮೇಲೂ ಬೆಳ್ಳಿ ಬಣ್ಣ ಬಳಿದಿತ್ತು. ಬಣ್ಣದ ಮೇಲೆ ಶಾಫ್ಟು ಕೂರಿಸಿದರೆ ಬಣ್ಣ ಉದುರಿದ ಮೇಲೆ ಬೋಲ್ಟುಗಳು ಸಡಿಲವಾಗುತ್ತವೆ. ಅವನು ಅದನ್ನು ಕೆರೆದು, ಡೀಸೆಲ್ಲಿನ ಬಟ್ಟೆಯಿಂದ ಒರೆಸಿ, ಬೋಲ್ಟುಗಳನ್ನು ಒಂದೊಂದಾಗಿ ಹಾಕತೊಡಗಿದ. ಮೂರು ಬಿಗಿಯಾಗಿ ಕೂತವು. ನಾಲ್ಕನೆಯದು ತೂತಿನೊಳಗೆ ಲೊಳಲೊಳ ಆಡಿತು.

ಬೋಲ್ಟು ಹೊರಗೆಳೆದು ತೂತಿಗೆ ಬೆರಳು ಇಟ್ಟ. ಬೆರಳು ತಾನಾಗಿಯೇ ಒಂದು ಪಕ್ಕದ ಉಬ್ಬಿಗೆ ಹೋಗಿ ನಿಂತಿತು.

ನಿಂಗಯ್ಯ ತಟ್ಟೆಯ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದ. ಕಣ್ಣಿಗೆ ಏನೂ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಒಂದು ಚುಕ್ಕಿ, ಅದರ ಪಕ್ಕಕ್ಕೆ ಇನ್ನೊಂದು, ಅಲ್ಲಿಂದ ಒಂದು ಅಡ್ಡಗೀಟು.

ತಾನು ಕಟ್ಟಿದ ಜೀಪಿನ ಕರುಳನ್ನು ತನ್ನ ಕೈಯಿಂದಲೇ ದೇವೇಂದ್ರ ಬೇರೆ ಗಾಡಿಗೆ ಹಾಕಿಸುತ್ತಿದ್ದಾನೆ ಎಂಬುದು ಅವನಿಗೆ ಒಮ್ಮೆಲೇ ತಿಳಿಯಿತು. ಪೆಟ್ಟಿಗೆ ಇಲ್ಲಿದ್ದರೆ ಜೀಪಿಲ್ಲ. ಮೂಡಿಗೆರೆಯ ಟಿಂಕರಿಂಗೂ ಇಲ್ಲ, ಶಿವಮೊಗ್ಗದ ಗುಜರಿಯೂ ಇಲ್ಲ. ಉಂಡ ಮನೆಯ ಜಂತೆ ಎಣಿಸುವುದು ಎಂಬ ಮಾತನ್ನು ನಿಂಗಯ್ಯ ಎಷ್ಟೋ ಸಲ ಬೇರೆಯವರ ವಿಷಯದಲ್ಲಿ ಆಡಿದ್ದ. ಅದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಜೀಪು ಒಡೆದದ್ದಕ್ಕಿಂತ ಇನ್ನೆರಡು ಸಂಗತಿಗಳು ಹೆಚ್ಚು ಚುಚ್ಚಿದವು. ಒಂದು, ಮುದುಕನ ಕಣ್ಣು ಮಂಜಾಗಿದೆ, ಬಣ್ಣ ಬಳಿದರೆ ಸಾಕು ಎಂದು ಇವನು ಲೆಕ್ಕ ಹಾಕಿದ್ದು. ಇನ್ನೊಂದು, ಆ ತೂತನ್ನು ಇವನು ಮರೆತದ್ದು. ಪ್ಲಾಸ್ಟಿಕ್ ಹಾಳೆ ಹಿಡಿದು, ಮಳೆಯಲ್ಲಿ ನಡುಗುತ್ತ, "ಆಗ್ತದಾ ಅಣ್ಣ, ಆಗ್ತದಾ?" ಎಂದು ಅಳುದನಿಯಲ್ಲಿ ಕೇಳುತ್ತ ನಿಂತಿದ್ದವನು ಇವನೇ ತಾನೆ?

ಗಾಡಿಯ ಅಡಿಯಿಂದಲೇ ಕೇಳಿದ: "ದೇವೇಂದ್ರ, ಜೀಪು ಯಾವಾಗ ಬರ್ತದೋ?"

"ಇನ್ನೊಂದು ವಾರ ಅಣ್ಣ. ಪೇಂಟಿಂಗ್ ಒಂದು ಬಾಕಿ." ಧ್ವನಿಯಲ್ಲಿ ಒಂದಿಷ್ಟೂ ತೊಡಕಿರಲಿಲ್ಲ. ಅವನು ಹೊರಗೆ ಹಲಸಿನ ಮರದ ನೆರಳಿನಲ್ಲಿ ಫೋನು ನೋಡುತ್ತ ಕೂತಿದ್ದ.

ನಿಂಗಯ್ಯನಿಗೆ ಸ್ಪ್ಯಾನರ್ ಎಸೆದು ಎದ್ದು ಬರಬೇಕೆನಿಸಿತು. ಮೂರು ಬೋಲ್ಟು ಬಿಗಿದು ನಾಲ್ಕನೆಯದನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದೂ ಒಂದು ಗಳಿಗೆ ಮನಸ್ಸಿನಲ್ಲಿ ಹಾದುಹೋಯಿತು. ಮರುಗಳಿಗೆಯೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಈ ಗಾಡಿಯಲ್ಲಿ ಯಾರ ಮಕ್ಕಳು ಕೂರುತ್ತಾರೋ! ಎದ್ದುಬಂದು ತನ್ನ ಡಬ್ಬಿಗಳನ್ನೆಲ್ಲ ಸುರಿದು, ದಪ್ಪನೆಯ ಒಂದು ಬೋಲ್ಟು ಹುಡುಕಿದ. ಶಾಫ್ಟಿನ ತುದಿಯ ತೂತನ್ನೂ ಅದಕ್ಕೆ ಸರಿಯಾಗಿ ಡ್ರಿಲ್ಲಿನಿಂದ ಅಗಲ ಮಾಡಿದ. ನಾಲ್ಕನ್ನೂ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದ. ಹೊಸ ಶಾಫ್ಟಿನ ಮೇಲೆ, ತಟ್ಟೆಯ ಗುರುತಿಗೆ ಎದುರಾಗಿ, ಎರಡು ಚುಕ್ಕಿ ಮತ್ತು ಒಂದು ಅಡ್ಡಗೀಟು ಹೊಡೆದ.

"ಮುಗೀತಾ ಅಣ್ಣ?"

"ಮುಗೀತು. ಮೊದಲ ಏರು ಬಾಕಿ."

"ಅಯ್ಯೋ, ನಿಮ್ಮ ಆ ಹಳೇ ಕಾಲದ ಶಾಸ್ತ್ರ! ಆಯ್ತು, ಹತ್ತಿ. ಹೊರನಾಡು ರಸ್ತೇಲಿ ಒಂದು ರೌಂಡ್ ಹೊಡ್ಕೊಂಡು ಬರೋಣ."

"ಕಲ್ಲುಗುಡ್ಡೆಗೆ ಹೋಗೋಣ."

ದೇವೇಂದ್ರನ ಮುಖ ಚಿಕ್ಕದಾಯಿತು. "ಅಲ್ಲಿಗೆ ಎಂತಕ್ಕೆ ಅಣ್ಣ? ರಸ್ತೆ ಹಾಳು. ಹೊಸದಾಗಿ ಕೂರ್ಸಿದ್ದು..."

"ಹಾಳು ರಸ್ತೇಲೇ ಗೊತ್ತಾಗೋದು. ಏರು ಹೇಳೋದು ಮೆಕ್ಯಾನಿಕ್ಕು. ಅದೂ ಹಳೇ ಶಾಸ್ತ್ರ."

ಪಿಕಪ್ಪು ಪೇಟೆ ದಾಟಿ ಕಾಂಕ್ರೀಟಿನ ಕೊನೆಗೆ ಬಂತು. ಹಿಂದಿನ ದಿನ ಒಂದು ಹದ ಮಳೆ ಬಿದ್ದು ಮೇಲಿನ ಮಣ್ಣು ಮೆತ್ತಗಾಗಿತ್ತು. ಪಲ್ಪರ್ ಮನೆ ಎದುರಾದಾಗ ದೇವೇಂದ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರ್ ಎಳೆದ. ಪೆಟ್ಟಿಗೆ ಕೊರಗಿದಂತೆ ಒಂದು ಸಣ್ಣ ರಾಗ ತೆಗೆದು ಏರು ಹತ್ತತೊಡಗಿತು. ನಿಂಗಯ್ಯ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಆ ರಾಗ ಅವನಿಗೆ ಹೆಂಡತಿ ಶಂಕರಮ್ಮನ ಕೆಮ್ಮಿನಷ್ಟು ಪರಿಚಿತ.

ಅವನಿಗೆ ಮಾತ್ರವಲ್ಲ. ಕೊನೆಯ ತಿರುವು ಹತ್ತುವ ಮೊದಲೇ ಕಲ್ಲುಗುಡ್ಡೆಯ ಮಕ್ಕಳು "ನಿಂಗಯ್ಯಜ್ಜನ ಜೀಪು ಬಂತು, ಜೀಪು!" ಎಂದು ಕೂಗುತ್ತ ಓಡಿಬಂದರು. ಅವರ ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಂಗಮ್ಮ. ಜಗಲಿಯಲ್ಲಿ ತುಂಬು ಬಸುರಿ ಅರ್ಚನಾ ಕಂಬ ಹಿಡಿದು ಎದ್ದು ನಿಂತಳು. ತಿರುವಿನಿಂದ ಹೊರಬಿದ್ದ ಬಿಳಿ ಪಿಕಪ್ಪನ್ನು ಕಂಡು ಮಕ್ಕಳು ಅಲ್ಲಲ್ಲೇ ನಿಂತರು.

"ಇದೆಂತ?" ಎಂದಳು ತಂಗಮ್ಮ. "ಸದ್ದು ನಮ್ಮ ಜೀಪಿಂದು. ಬಂದಿದ್ದು ಯಾವುದೋ ಗಾಡಿ. ಜೀಪು ಎಲ್ಲಪ್ಪ?"

"ದೇವೇಂದ್ರ ಹೇಳ್ತಾನೆ" ಎಂದು ನಿಂಗಯ್ಯ ಇಳಿದು ನಿಂತ. ಅವನಿಗೆ ಆಗಲೂ ಒಂದು ಆಸೆಯಿತ್ತು. ಇಲ್ಲಿ, ಕೀ ಕಣ್ಣಿಗೊತ್ತಿಕೊಂಡ ಇದೇ ಅಂಗಳದಲ್ಲಿ, ಇವನು ತಲೆ ತಗ್ಗಿಸಿ ನಿಜ ಹೇಳಿದರೆ ಸಾಕು, ಮಿಕ್ಕದ್ದನ್ನು ಹೇಗಾದರೂ ನುಂಗಿಕೊಳ್ಳಬಹುದು ಎಂದು.

ದೇವೇಂದ್ರ ಸ್ಟಿಯರಿಂಗ್ ಬಿಡಲಿಲ್ಲ. "ಜೀಪು ಮೂಡಿಗೆರೇಲಿ ಇದೆ ತಂಗಮ್ಮಕ್ಕ. ಪೇಂಟಿಂಗ್ ಮುಗಿದ್ರೆ ತಂದ್ಬಿಡ್ತೀನಿ. ನಿಂಗಣ್ಣಂಗೂ ಗೊತ್ತು, ಕೇಳಿ ಬೇಕಾದ್ರೆ."

ಎಲ್ಲರೂ ನಿಂಗಯ್ಯನ ಕಡೆ ನೋಡಿದರು.

"ಗೊತ್ತು" ಎಂದ ನಿಂಗಯ್ಯ. "ಜೀಪು ಇಲ್ಲ ತಂಗಮ್ಮಕ್ಕ. ಒಡೆದು ಮಾರಿದಾನೆ. ಉಳಿದಿರೋ ಒಂದು ಭಾಗ ಈ ಗಾಡಿಯ ಹೊಟ್ಟೇಲಿದೆ, ನೀವು ಕೇಳಿದ ಸದ್ದು ಅದರದ್ದೇ. ಕುಸುಮಾನ ಇಳಿಸ್ಕೊಂಡು ಹೋದ ದಿನ ಪಲ್ಪರ್ ಬೋಲ್ಟಿಗೆ ಅಂತ ನಾನು ಉಜ್ಜಿದ ತೂತು ಅದರಲ್ಲಿ ಹಾಗೇ ಇದೆ. ಕೈಯಿಟ್ಟು ನೋಡ್ದೆ."

"ಆ ತೂತು..." ಎಂದ ದೇವೇಂದ್ರ. ಆಮೇಲೆ ಒಂದೇ ಉಸಿರಿಗೆ, "ಹಳೇ ಗಾಡಿ ಅಣ್ಣ ಅದು. ಆರ್‌ಟಿಓದಲ್ಲಿ ಎಫ್‌ಸಿನೂ ಆಗ್ತಿರ್ಲಿಲ್ಲ. ಹೇಳಿದ್ರೆ ನಿಮಗೆ ಬೇಜಾರು ಅಂತ ಹೇಳ್ಲಿಲ್ಲ. ಈಗ ಈ ಗಾಡಿ ಇದೆಯಲ್ಲ, ಫೋನ್ ಮಾಡಿದ್ರೆ ನಾನೇ ಬರ್ತೀನಿ" ಎಂದ.

"ನೀನು ಬರ್ತೀಯ?" ತಂಗಮ್ಮ ಕೇಳಿದಳು. "ದೇವರಮನೇಲಿ ಟೂರಿಸ್ಟ್ ಕೂರ್ಸಿಕೊಂಡಿರೋವಾಗ ನನ್ನ ಮಗಳಿಗೆ ನೋವು ಬಂದ್ರೆ, ಅವರನ್ನ ಹುಲ್ಲಿನ ಮೇಲೆ ಇಳ್ಸಿ ಬರ್ತೀಯ?"

ತಂಗಮ್ಮ ಅವನನ್ನು ಬಿಟ್ಟು ನಿಂಗಯ್ಯನ ಕಡೆ ತಿರುಗಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇವನು ಯಾರು ನಿಂಗಯ್ಯ ನಮಗೆ? ನಾವು ನಂಬಿದ್ದು ನಿನ್ನ. ಪೇಟೇಲಿ ಕೇಳಿದಾಗ್ಲೂ, 'ನಾನು ಹೇಳ್ತಿದ್ದೀನಲ್ಲ' ಅಂದೆ ನೀನು."

"ನನಗೇ ಗೊತ್ತಿರ್ಲಿಲ್ಲ ತಂಗಮ್ಮಕ್ಕ."

"ಗೊತ್ತಿಲ್ದೆ ಎಂತಕ್ಕೆ ಹೇಳ್ದೆ?"

ಬೆನ್ನಿಗೆ ಇರಿದವನು ಎದುರಿಗೇ ಕೂತಿದ್ದರೂ ಲೆಕ್ಕ ಕೊಡಬೇಕಾದವನು ತಾನೇ ಎಂಬುದು ನಿಂಗಯ್ಯನಿಗೆ ಅರ್ಥವಾಯಿತು. ಕೊಟ್ಟದ್ದು ಜೀಪನ್ನಲ್ಲ, ಇವರ ನಂಬಿಕೆಯನ್ನು. ಅದು ತನ್ನದೆಂದುಕೊಂಡು ಇನ್ನೊಬ್ಬನ ಕೈಗೆ ಹಾಕಿದ್ದ.

"ಮಳೆ ಹಿಡಿಯೋ ಮೊದಲೇ ಅರ್ಚನಾನ ನಮ್ಮನೆಗೆ ಕಳ್ಸಿ" ಎಂದ. "ಆಸ್ಪತ್ರೆ ಹತ್ರ. ಶಂಕರಮ್ಮ ಇದ್ದಾಳೆ, ಮಗಳ ಹಾಗೆ ನೋಡ್ಕೊಳ್ತಾಳೆ. ಬಾಣಂತನಾನೂ ಅಲ್ಲೇ ಆಗ್ಲಿ."

ತಂಗಮ್ಮ ಜಗಲಿಯಲ್ಲಿ ನಿಂತ ಮಗಳನ್ನು ನೋಡಿದಳು. "ಯೋಚನೆ ಮಾಡಿ ಹೇಳ್ತೀನಿ" ಎಂದಳು.

ನಿಂಗಯ್ಯನ ಮಾತಿಗೆ ಹೂಂ ಎನ್ನಲು ಕಲ್ಲುಗುಡ್ಡೆಯವರು ಈವರೆಗೆ ಯೋಚನೆ ಮಾಡಿದ್ದಿಲ್ಲ.

ಅವನು ಗಾಡಿಯ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದುಕೊಂಡು ಅಡಿಗೆ ತೆವಳಿದ. ಮೊದಲ ಏರು ಮುಗಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಅದೂ ಮೇಸ್ತ್ರಿ ಕಲಿಸಿದ್ದೇ. ನಾಲ್ಕೂ ಗಟ್ಟಿಯಾಗಿದ್ದವು. ದಪ್ಪ ಬೋಲ್ಟಿಗೆ ಅರ್ಧ ಎಳೆತ ಹೆಚ್ಚು ಕೊಟ್ಟ. ಹೊರಗೆ ಬಂದಾಗ ದೇವೇಂದ್ರ ಪಕ್ಕದ ಬಾಗಿಲು ತೆರೆದು ಕಾಯುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

"ಹತ್ತಿ ಅಣ್ಣ. ಬೈಯಿರಿ, ಹೊಡೀರಿ ಬೇಕಾದ್ರೆ. ಹತ್ತಿ."

"ಕೆಲಸ ಸರಿಯಾಗಿದೆ. ನೀನು ಹೋಗು."

"ಅಣ್ಣ, ಅಷ್ಟು ದೂರ ನಡ್ಕೊಂಡು, ಈ ಕಣ್ಣಲ್ಲಿ..."

"ಈ ಕಣ್ಣನ್ನ ನೆಚ್ಚಿಕೊಂಡೇ ಅಲ್ವಾ ನೀನು ಬಣ್ಣ ಬಳಿದಿದ್ದು?" ಎಂದ ನಿಂಗಯ್ಯ. ಸ್ಪ್ಯಾನರನ್ನು ಸೀಟಿನ ಮೇಲಿಟ್ಟು, ಬಾಗಿಲು ಹಾಕಿ, ನಡೆಯತೊಡಗಿದ.

ಪಲ್ಪರ್ ಮನೆಯ ಹತ್ತಿರ ಪಿಕಪ್ಪು ಹಿಂದಿನಿಂದ ಬಂತು. ನಿಂಗಯ್ಯ ರಸ್ತೆಯ ಅಂಚಿಗೆ ಸರಿದು ಕಾಫಿ ಗಿಡದ ಕೊಂಬೆ ಹಿಡಿದು ನಿಂತ. ಗಾಡಿ ಒಮ್ಮೆ ನಿಧಾನವಾಯಿತು. ಅವನು ತಲೆಯೆತ್ತಲಿಲ್ಲ. ಗಾಡಿ ಮುಂದೆ ಹೋಯಿತು.

ನೋಡಬಾರದೆಂದುಕೊಂಡರೂ ಕಿವಿ ಕೇಳಬೇಕಲ್ಲ. ಅವನು ಸದ್ದಿನ ಬೆನ್ನು ಹಿಡಿದು ನಿಂತ. ಒಂದು ನಡುಕವಿಲ್ಲ, ಒಂದು ಬಡಿತವಿಲ್ಲ. ಇಳಿಜಾರಿನ ಕೊನೆಯ ತನಕ, ಕಾಂಕ್ರೀಟು ಸಿಕ್ಕಿ ಅದು ಮರೆಯಾಗುವ ತನಕ, ಅವನು ಕೂರಿಸಿದ ಶಾಫ್ಟು ಒಂದು ತಪ್ಪೂ ಇಲ್ಲದೆ ತಿರುಗುತ್ತಿತ್ತು.